ಒಂದು ರೂಪಾಯಿಯ ಚೆಲ್ಲು

೨೦ ಡಿಸೆಂಬರ್ ೧೯೩೭, ಸೋಮವಾರ. ರಾಯದುರ್ಗ

ಸಿದ್ದಬಸಪ್ಪ ಇವತ್ತೂ ಬಂದು ಜಗಲಿಯ ಮೇಲೆ ಮುಕ್ಕಾಲು ಗಂಟೆ ಕುಳಿತು ಹೋದ. ದುಡ್ಡಿನ ಮಾತು ಎತ್ತಲಿಲ್ಲ. ಬಳ್ಳಾರಿ ರೈಲು ತಡವಾಗಿ ಬಂದದ್ದು, ಉಣ್ಣೆಯ ಧಾರಣೆ ಇಳಿದದ್ದು, ಶಾಲೆಯ ಹೆಂಚುಗಳನ್ನು ಕೋತಿಗಳು ಕಿತ್ತುಹಾಕಿದ್ದು, ಇಷ್ಟೇ. ಸಾಲ ಕೊಟ್ಟವನು ಸಾಲವೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿದರೆ ಆ ಉಳಿದೆಲ್ಲವೂ ಸಾಲದ ಮಾತಾಗಿಯೇ ಕೇಳಿಸುತ್ತದೆ. ಕೋತಿಗಳ ಕತೆಯನ್ನು ನಾನೂ ಬೆಳೆಸಿದೆ, ಹೆಂಚಿನ ವಿಷಯಕ್ಕೆ ಎರಡು ಸಲ "ಆಗಲಿ, ನೋಡೋಣ" ಎಂದೆ.

ಆರು ವರ್ಷದ ಹಿಂದೆ ನಾವು ಕೆಲವು ಮಾಸ್ತರರು, ತಾಲ್ಲೂಕು ಕಚೇರಿಯ ಗುಮಾಸ್ತರು ಸೇರಿ ನಾಟಕದ ಮಂಡಳಿ ಕಟ್ಟಿದ್ದೆವು. ನಾನು ಬಣ್ಣ ಹಚ್ಚಿದವನಲ್ಲ, ಲೆಕ್ಕ ಬರೆಯುವವನು. ಆದ್ದರಿಂದ ಪರದೆಗಳ ಬಟ್ಟೆಗೆ, ಚಿತ್ರಗಾರನ ಮಜೂರಿಗೆ ಜವಳಿ ಅಂಗಡಿಯ ಸಿದ್ದಬಸಪ್ಪನಿಂದ ಎತ್ತಿದ ಮುನ್ನೂರು ರೂಪಾಯಿಗೆ ಪ್ರೊನೋಟು ಬರೆದುಕೊಟ್ಟವನೂ ನಾನೇ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಮೂರು ನಾಟಕ ಆಡಿದೆವು. ಆಮೇಲೆ ಇಬ್ಬರಿಗೆ ವರ್ಗವಾಯಿತು, ಒಬ್ಬ ಸತ್ತ, ಕೃಷ್ಣನ ಪಾತ್ರದವನ ಮುಂದಿನ ಹಲ್ಲುಗಳು ಬಿದ್ದುಹೋದವು. ನೋಟಿನ ಮೇಲೆ ಉಳಿದದ್ದು ನನ್ನ ಸಹಿ.

ಮೂರು ವರ್ಷ ಬಡ್ಡಿ ಕೊಟ್ಟೆ. ಮಗಳ ಮದುವೆಯಾದ ಮೇಲೆ ಕೊಡಲಾಗಲಿಲ್ಲ. ಈಗ ಬಡ್ಡಿ ಸೇರಿ ನಾನೂರು ದಾಟುತ್ತದೆ. ನನ್ನ ಸಂಬಳ ಮೂವತ್ತೆರಡು.

ಪ್ರೊನೋಟಿಗೆ ಮೂರು ವರ್ಷ ಆಯುಸ್ಸು. ಅಷ್ಟರೊಳಗೆ ಸಾಲಗಾರ ಒಂದಿಷ್ಟು ಕೊಟ್ಟು, ನೋಟಿನ ಬೆನ್ನ ಮೇಲೆ ತಾರೀಖಿನೊಂದಿಗೆ ಬರೆದು ಸಹಿ ಹಾಕಿದರೆ ಅದು ಮತ್ತೆ ಮೂರು ವರ್ಷ ಬದುಕುತ್ತದೆ. ಇಲ್ಲಿ ಅದಕ್ಕೆ ಚೆಲ್ಲು ಎನ್ನುತ್ತಾರೆ. ಹಿಂದಿನ ಚೆಲ್ಲು ಬರೆದದ್ದು ೧೯೩೫ರ ಫೆಬ್ರವರಿ ಹದಿನೈದು. ಅಂದು ನನ್ನ ಜೇಬಿನಲ್ಲಿ ಏನೂ ಇರಲಿಲ್ಲ. ಸಿದ್ದಬಸಪ್ಪ ತನ್ನ ಕಿಸೆಯಿಂದಲೇ ಒಂದು ರೂಪಾಯಿ ತೆಗೆದು ನನ್ನ ಕೈಗೆ ಕೊಟ್ಟ, ನಾನು ಅದನ್ನು ಅವನ ಕೈಗೆ ಕೊಟ್ಟೆ, "ಒಂದು ರೂಪಾಯಿ ಸಂದಾಯ" ಎಂದು ಬರೆದೆ. ಇಬ್ಬರೂ ನಗಲಿಲ್ಲ. ಊರಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರಂತೆ.

ಮತ್ತೆ ಫೆಬ್ರವರಿ ಹದಿನೈದು ಬರುತ್ತಿದೆ. ಅವನು ಜಗಲಿಗೆ ಬರುತ್ತಿರುವುದು ಅದಕ್ಕೇ. ಅಥವಾ ನಮ್ಮ ಜಗಲಿಗೆ ಸಂಜೆ ಗಾಳಿ ಬೀಸುತ್ತದೆ ಎಂದಿರಬಹುದು.

೨೩ ಡಿಸೆಂಬರ್, ಗುರುವಾರ

ಉಪಾಧ್ಯಾಯರ ಸಹಕಾರ ಸಂಘದಲ್ಲಿ ನಾನೂರು ರೂಪಾಯಿ ಸಾಲ ತೆಗೆದು ಸಿದ್ದಬಸಪ್ಪನದನ್ನು ತೀರಿಸಿಬಿಡುವುದು ಎಂದು ಯೋಚಿಸಿದ್ದೆ. ಬಡ್ಡಿ ಅರ್ಧ. ತಿಂಗಳಿಗೆ ಹತ್ತು ರೂಪಾಯಿ ಅಸಲನ್ನೂ ಬಡ್ಡಿಯನ್ನೂ ಸಂಬಳದಲ್ಲೇ ಹಿಡಿಯುತ್ತಾರೆ, ಜಗಲಿಗೆ ಯಾರೂ ಬರುವುದಿಲ್ಲ. ಸಂಘದ ಕಾರ್ಯದರ್ಶಿ ನಮ್ಮ ಶಾಲೆಯ ಎರಡನೆಯ ಮಾಸ್ತರ ಓಬಯ್ಯನೇ. ಇಂದು ಬಿಡುವಿನಲ್ಲಿ ಕೇಳಿದೆ.

"ಹುಚ್ಚೇನ್ರಿ ನಿಮಗ?" ಎಂದ. "ಪೇಪರ್ ಓದಂಗಿಲ್ಲೇನು? ಮದ್ರಾಸಿನ್ಯಾಗ ಕಾಯ್ದಿ ಬರಾಕ ಹತ್ತೇತಿ. ರೈತರ ಹಳೇ ಸಾಲಕ್ಕ ಬಡ್ಡಿಯೆಲ್ಲಾ ಮಾಫಿ. ಸಾಯಾಕ ಬಿದ್ದಿರೋ ಸಾಲಕ್ಕ ಹೊಸಾ ಸಾಲ ಮಾಡಿ ಔಷಧ ಕುಡಸ್ತೀರೇನು?"

"ನಾನು ರೈತನಲ್ಲವಲ್ಲ."

"ಮಡಕಶಿರಾದಾಗ ಹೊಲ ಇಲ್ಲೇನ್ರಿ ನಿಮ್ಮ ಹೆಸರಿಲೆ?"

ಇದೆ. ಎರಡು ಎಕರೆ. ತಮ್ಮ ಚಿಕ್ಕತಿಮ್ಮಯ್ಯ ನೋಡಿಕೊಳ್ಳುತ್ತಾನೆ. ಊರಿನ ಲೆಕ್ಕ ಬರೆಯುವ ಕರಣಂ ಹತ್ತಿರ ಒಂದು ಚೀಟಿ ಬರೆಸಿಕೊಂಡು ಬಂದರೆ ಕಾಯಿದೆಯ ಕಣ್ಣಿಗೆ ನಾನೂ ರೈತ ಎಂದು ಓಬಯ್ಯ ವಿವರಿಸಿದ. ಸಂಘದ ಸಾಲಕ್ಕೆ ಮಾತ್ರ ಆ ಕಾಯಿದೆ ತಗಲುವುದಿಲ್ಲ, ಅದನ್ನು ಪೈಸೆ ಬಿಡದೆ ಕಟ್ಟಬೇಕು. "ಸಂಘದ ಕಾರ್ಯದರ್ಶಿಯಾಗಿ ಅಲ್ಲ, ಸ್ನೇಹಿತನಾಗಿ ಹೇಳ್ತೀನಿ, ಬ್ಯಾಡ" ಎಂದ. ಆಮೇಲೆ ದನಿ ತಗ್ಗಿಸಿ, "ಫೆಬ್ರವರಿ ಹದಿನೈದರ ತನಕ ಆ ಮನುಷ್ಯಾನ ಕೈಗೆ ಸಿಗಬ್ಯಾಡ್ರಿ. ಚೆಲ್ಲು ಬೀಳಲಿಲ್ಲಂದ್ರ ಅಸಲೂ ಇಲ್ಲ, ಬಡ್ಡೀನೂ ಇಲ್ಲ" ಎಂದ.

ಅವನು ಹೇಳಿದ್ದೆಲ್ಲ ಸರಿ. ಸಂಜೆ ಹಿಂದಿನ ಓಣಿಯಿಂದ ಮನೆಗೆ ಬಂದೆ. ಆ ದಾರಿ ಹತ್ತಿರ ಎಂದು ಅಲ್ಲ.

೨ ಜನವರಿ ೧೯೩೮, ಭಾನುವಾರ

ಪರದೆಗಳನ್ನು ಅಟ್ಟದಿಂದ ಇಳಿಸಿ ಹಿತ್ತಲಲ್ಲಿ ಬಿಸಿಲಿಗೆ ಹಾಕಿದೆ. ಹೊಸಪೇಟೆಯ ಕಡೆಯ ಒಂದು ನಾಟಕ ಕಂಪನಿ ಕೊಳ್ಳಬಹುದು ಎಂದು ಯಾರೋ ಹೇಳಿದ್ದರು. ದರ್ಬಾರಿನ ಪರದೆಯ ಸಿಂಹಾಸನವನ್ನು ಇಲಿ ತಿಂದಿದೆ. ಕಾಡಿನ ಪರದೆ ಚೆನ್ನಾಗಿಯೇ ಇದೆ. ಹೆಂಡತಿ ಆದಿಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಮುನ್ನೂರು ರೂಪಾಯಿ ಕಾಡು" ಎಂದಳು. "ನಮ್ಮೂರ ಗುಡ್ಡಕ್ಕೋದ್ರೆ ಪುಕ್ಕಟೆ ಸಿಗ್ತಿತ್ತು."

ಏನು ಮಾಡಬೇಕು ಎಂದು ಅವಳನ್ನು ಕೇಳಿದೆ. ಕೇಳಬಾರದಾಗಿತ್ತು. ಅವಳ ಉತ್ತರಗಳು ಸ್ಪಷ್ಟವಾಗಿರುತ್ತವೆ, ಅದರಿಂದ ನನಗೆ ಉಪಯೋಗವಾಗುವುದಿಲ್ಲ.

"ಕೊಡೋದು ಇದ್ರೆ ಕೊಡಿ, ಇಲ್ದಿದ್ರೆ ಕೊಡಲ್ಲ ಅನ್ನಿ. ದಿನಾ ಬಂದು ಕುಂತ್ಕಂಡೋನಿಗೆ ಕೋತಿ ಕತೆ ಯಾಕೆ ಹೇಳ್ತೀರಾ?"

೧೪ ಜನವರಿ, ಶುಕ್ರವಾರ. ಊರು

ಎರಡು ಬಸ್ಸು ಬದಲಿಸಿ ನಿನ್ನೆ ಮಡಕಶಿರಾಕ್ಕೆ ಬಂದು, ಅಲ್ಲಿಂದ ಹಳ್ಳಿಗೆ ಮೂರು ಮೈಲಿ ನಡೆದೆ. ಹಬ್ಬಕ್ಕೆ ಬಂದೆ ಎಂದು ಹೇಳಿಕೊಂಡೆ. ಒಂಬತ್ತು ವರ್ಷದಿಂದ ಯಾವ ಸಂಕ್ರಾಂತಿಗೂ ಬಾರದವನು ಹೀಗೆಂದರೆ ಯಾರು ನಂಬುತ್ತಾರೆ? ಚಿಕ್ಕತಿಮ್ಮಯ್ಯ ಒಂದು ರಾತ್ರಿ ಸುಮ್ಮನಿದ್ದ. ಬೆಳಿಗ್ಗೆ ಬೇವಿನ ಕಡ್ಡಿ ಕೊಡುತ್ತ, "ಅಣ್ಣಾ, ಹೊಲ ಭಾಗ ಮಾಡ್ಕಂಬಕ್ಕೆ ಬಂದ್ಯಾ?" ಎಂದ.

ಅಲ್ಲ ಎಂದು ವಿಷಯ ಹೇಳಿದೆ. ಅವನು ಮೊದಲು ನಿರಾಳನಾದ, ಆಮೇಲೆ ನಕ್ಕ. ಎಷ್ಟು ನಕ್ಕನೆಂದರೆ ಒಳಗಿನಿಂದ ಅವನ ಹೆಂಡತಿ ಕೆಂಪಕ್ಕ ಹೊರಗೆ ಬಂದಳು.

"ನೋಡೇ, ಅಣ್ಣ ರೈತ ಆಗಕ್ಕೆ ಬಂದವ್ನೆ."

"ಆಗ್ಲಿ ಬಿಡಿ. ಇವತ್ತು ಸೊಪ್ಪು ತರಕ್ಕೆ ಆಳು ಬಂದಿಲ್ಲ" ಎಂದು ಕೆಂಪಕ್ಕ ನನ್ನ ಮುಂದೆ ಬುಟ್ಟಿ ಇಟ್ಟಳು. "ಭಾವಾ, ಕರಣಪ್ಪ ಬರ್ಕೊಡೋದು ಆಮೇಲೆ. ಮೊದ್ಲು ನಾನು ಬರ್ಕೊಡ್ತೀನಿ."

ನನ್ನ ಹೆಸರಿನ ಎರಡು ಎಕರೆಯಲ್ಲಿ ಒಂದಕ್ಕೆ ಹಿಪ್ಪುನೇರಳೆ ಹಾಕಿದ್ದಾರೆ. ಅದು ನನಗೆ ಗೊತ್ತಿರಲಿಲ್ಲ. ಗಿಡಗಳು ನನ್ನ ಎದೆಯ ಮಟ್ಟ. ಇಬ್ಬನಿ ಇನ್ನೂ ಆರಿರಲಿಲ್ಲ. ಬುಟ್ಟಿ ತುಂಬ ಸೊಪ್ಪು ಕಿತ್ತು, ಬೆನ್ನು ನೋಯಿಸಿಕೊಂಡು, ಮನೆಗೆ ತಂದು ನೇರವಾಗಿ ರೇಷ್ಮೆ ಹುಳದ ತಟ್ಟೆಗಳ ಮೇಲೆ ಹರಡಿದೆ. ಬಿಳಿಯ ಹುಳುಗಳು ತಲೆ ಎತ್ತಿದವು. ಏನೋ ಸಾಧಿಸಿದಂತೆ ನಿಂತಿದ್ದೆ. ಕೆಂಪಕ್ಕ ಬಂದವಳೇ ಕಿರುಚಿಕೊಂಡು ಎರಡೂ ಕೈಯಲ್ಲಿ ಸೊಪ್ಪನ್ನು ಬಾಚಿ ತೆಗೆದಳು. ಒದ್ದೆ ಸೊಪ್ಪು ತಿಂದರೆ ಹುಳು ಸಾಯುತ್ತವಂತೆ.

"ಒಂದು ತಟ್ಟೆ ಹೋದ್ರೆ ಐದು ರೂಪಾಯಿ, ಭಾವಾ. ಯಾವ ಕಾಯ್ದೆ ಕೊಡ್ತೈತೆ ಅದನ್ನ?"

ಮಧ್ಯಾಹ್ನದವರೆಗೆ ತಟ್ಟೆಗಳ ಬಳಿಯೇ ಕುಳಿತಿದ್ದೆ. ಹುಳುಗಳು ಸತ್ತಂತೆ ಕಾಣಲಿಲ್ಲ. ಬದುಕಿವೆ ಎಂದೂ ಹೇಳಲಾಗಲಿಲ್ಲ. ತಿನ್ನುವ ಸದ್ದು ಮಾತ್ರ, ಸಣ್ಣ ಮಳೆಯಂತೆ, ಕೇಳುತ್ತಿತ್ತು.

೧೬ ಜನವರಿ, ಭಾನುವಾರ

ಕರಣಂ ಚೀಟಿ ಬರೆದುಕೊಟ್ಟ. ತೆಲುಗಿನಲ್ಲಿದೆ. ನನ್ನ ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಕಸುಬು: ರೈತ. ಎಂಟಾಣೆ ತೆಗೆದುಕೊಂಡ. "ಮಾಸ್ತರಾಗಿ ಇಷ್ಟು ವರ್ಷ ಆಯ್ತು, ಇದು ಮೇಲೋ ಅದು ಮೇಲೋ?" ಎಂದು ಕೇಳಿದ. ಉತ್ತರ ಬಯಸಿ ಕೇಳಿದ ಪ್ರಶ್ನೆಯಲ್ಲ. ಆದರೂ ಬಸ್ಸಿನಲ್ಲಿ ಬಹಳ ಹೊತ್ತು ಉತ್ತರ ಹುಡುಕಿದೆ.

ಬರುವಾಗ ಚಿಕ್ಕತಿಮ್ಮಯ್ಯ, "ಸಂಘದಾಗೆ ಸಾಲ ಸಿಗೋದು ನಿಜ ಆದ್ರೆ ತಗಾ, ಅಣ್ಣ. ಹುಳದ ಮನೆ ದೊಡ್ಡದು ಮಾಡಾನ. ಆ ಶೆಟ್ಟಿಗ್ಯಾಕೆ ಕೊಡ್ತೀಯ?" ಎಂದ. ಸಿದ್ದಬಸಪ್ಪ ಶೆಟ್ಟಿಯಲ್ಲ, ಲಿಂಗವಂತ ಎಂದೆ. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

೨೪ ಜನವರಿ, ಸೋಮವಾರ. ರಾಯದುರ್ಗ

ಇಂದು ಹಿಂದಿನ ಓಣಿಯಲ್ಲೇ ಸಿದ್ದಬಸಪ್ಪ ಎದುರಾದ.

"ಮಾಸ್ತರ, ನೀವು ರೈತರಾದ್ರಂತಲ್ರಿ? ಬಿತ್ತನಿ ಯಾವಾಗ?"

ಓಬಯ್ಯನ ಬಾಯಿ. ನಾನು ನಕ್ಕಂತೆ ಮಾಡಿದೆ. ಅವನೂ ನಕ್ಕ. ಹಲ್ಲು ಕಾಣುವಂತೆ ನಗುವವನಲ್ಲ, ಇಂದು ಕಂಡಿತು.

"ಬೇಷಾತು ಬಿಡ್ರಿ. ನನಗರ ಒಂದು ಗುಂಟೆ ಇಲ್ಲ. ಗಜಕೋಲು ಹಿಡದಾಂವ ನಾನು. ಗಜಕೋಲಿನವರಿಗೆ ಒಂದು ಕಾಯ್ದಿ ಬಂದ್ರ ಹೇಳ್ರಿ, ನಾನೂ ಅರ್ಜಿ ಹಾಕ್ತೀನಿ."

ಇಷ್ಟು ಹೇಳಿ ಹೋದ. ಅವನ ಹಿಂದೆಯೇ ನಾನೂ ನಾಲ್ಕು ಹೆಜ್ಜೆ ಹೋದೆ. ನನ್ನ ಮನೆ ಇರುವುದು ಆ ಕಡೆಗಲ್ಲ.

೩೧ ಜನವರಿ, ಸೋಮವಾರ

ಸಂಘಕ್ಕೆ ಅರ್ಜಿ ಹಾಕಿದೆ. ನಾನೂರು ರೂಪಾಯಿ, ನಲವತ್ತು ಕಂತು. ಉದ್ದೇಶ ಎಂಬಲ್ಲಿ "ಹಳೆಯ ಸಾಲ ತೀರಿಸಲು" ಎಂದು ಬರೆದೆ. ಓಬಯ್ಯ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದ. "ಹೋಗ್ಲಿ, ನಾನ ಜಾಮೀನು ನಿಲ್ತೀನಿ. ಹುಚ್ಚಾಸ್ಪತ್ರೀಗೆ ಹಾಕೋ ಮುಂದ ನನ್ನ ಹೆಸರು ಹೇಳಬ್ಯಾಡ್ರಿ" ಎಂದ.

ಹಾಕಿದ್ದೇಕೆ ಎಂದು ಬರೆದಿಡಬೇಕೆಂದು ಕುಳಿತೆ. ಮನಸ್ಸು ಶುದ್ಧವಾಗಿರಲಿ ಎಂದೇ? ಅಥವಾ ಹಣ ಕೈಯಲ್ಲಿದ್ದರೆ ಆಮೇಲೆ ಯೋಚಿಸಬಹುದು ಎಂದೇ? ಎರಡೂ ಕಾರಣಗಳನ್ನು ಬರೆದು ನೋಡಿದೆ. ಎರಡೂ ಬೇರೆ ಯಾರದೋ ಕೈಬರಹದಂತೆ ಕಾಣುತ್ತವೆ.

೯ ಫೆಬ್ರವರಿ, ಬುಧವಾರ

ಸಂಘದ ಸಭೆ ಇಪ್ಪತ್ತಕ್ಕೆ ಮುಂದೆ ಹೋಯಿತು.

೧೪ ಫೆಬ್ರವರಿ, ಸೋಮವಾರ

ಸಿದ್ದಬಸಪ್ಪ ಬಂದ. ಇವತ್ತು ಜಗಲಿಯ ಮೇಲೆ ಕೂರಲಿಲ್ಲ, ನಿಂತೇ ಇದ್ದ. ಅಂಗಿಯ ಒಳಜೇಬಿನಲ್ಲಿ ಮಡಿಸಿದ ಕಾಗದದ ಅಂಚು ಕಾಣುತ್ತಿತ್ತು. ಬಲಗೈ ಕಿಸೆಯಲ್ಲಿತ್ತು. ಆ ಕೈಯಲ್ಲಿ ಏನಿತ್ತು ಎಂದು ನನಗೆ ಗೊತ್ತು.

"ನಾಳೆ ಹದಿನೈದು ನೋಡ್ರಿ, ಮಾಸ್ತರ."

"ಹೌದು. ಸಂಘದಲ್ಲಿ ಸಾಲ ಕೇಳಿದ್ದೇನೆ. ಪೂರ್ತಿಯಾಗಿಯೇ ಕೊಟ್ಟುಬಿಡುತ್ತೇನೆ. ಇನ್ನು ಚೆಲ್ಲು ಯಾಕೆ?"

"ಯಾವಾಗ ಕೊಡ್ತಾರಂತ?"

"ಇಂದೋ ನಾಳೆಯೋ."

ಅವನು ನನ್ನ ಕಾಲುಗಳನ್ನು ನೋಡಿದ. "ಆತು ಹಂಗಾರ" ಎಂದು ಕಿಸೆಯಿಂದ ಕೈ ತೆಗೆದ. ಕೈ ಖಾಲಿಯಿತ್ತು. ಹೋದ.

ನಾನು ಸುಳ್ಳು ಹೇಳಲಿಲ್ಲ. ಅರ್ಜಿ ಹಾಕಿದ್ದು ನಿಜ. ಕೊಡಬೇಕೆಂದಿರುವುದೂ ನಿಜ ಎಂದೇ ತೋರುತ್ತದೆ. ಸಭೆಯ ತಾರೀಖನ್ನು ಅವನು ಕೇಳಲಿಲ್ಲ.

೧೫ ಫೆಬ್ರವರಿ, ಮಂಗಳವಾರ

ಯಾರೂ ಬರಲಿಲ್ಲ.

೧೬ ಫೆಬ್ರವರಿ, ಬುಧವಾರ

ಇಂದಿನಿಂದ ಆ ನೋಟು ಬರಿಯ ಕಾಗದ. ಆರು ವರ್ಷ ಇದ್ದ ಭಾರ ಇಳಿದರೆ ಹೇಗಿರಬಹುದು ಎಂದು ಮೈಯನ್ನು ಗಮನಿಸುತ್ತಲೇ ಇದ್ದೆ. ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಟ್ಟೆ. ಎರಡು ಸಲ ತಪ್ಪಿದೆ.

೨೬ ಫೆಬ್ರವರಿ, ಶನಿವಾರ

ಹಣ ಬಂತು. ಓಬಯ್ಯ ನಾನೂರು ರೂಪಾಯಿಯನ್ನು ಎಣಿಸಿ ಕೊಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟ. "ಹದಿನೈದು ದಾಟಿಸಿಬಿಟ್ರಿ! ನಾನು ನಿಮ್ಮನ್ನ ಹುಚ್ಚ ಅಂದಿದ್ನಿ, ತಪ್ಪಾತು. ಬಲು ಶಾಣ್ಯಾ ಇದೀರಿ. ಸಾಲಾನೂ ಹೋತು, ಕೈಗೆ ರೊಕ್ಕಾನೂ ಬಂತು." ಅವನ ಕಣ್ಣಿನಲ್ಲಿ ಹಿಂದೆಂದೂ ಕಾಣದ ಗೌರವವಿತ್ತು.

ತಮ್ಮನ ಕಾಗದವೂ ಇಂದೇ ಬಂದಿದೆ: ಹುಳದ ಮನೆಗೆ ಗೋಡೆ ಎಬ್ಬಿಸಲೇ ಎಂದು. ಆದಿಲಕ್ಷ್ಮಿ ಗಂಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಮುಂದೆ ಇಟ್ಟಳು. ಏನೂ ಹೇಳಲಿಲ್ಲ. ಹೇಳಿದ್ದರೆ ವಿರೋಧಿಸಬಹುದಿತ್ತು.

ಈಗ ಸಿದ್ದಬಸಪ್ಪನಿಗೆ ಕೊಟ್ಟರೆ ಸತ್ತ ಸಾಲಕ್ಕೆ ಜೀವಂತ ಸಾಲ ತಂದು ಕೊಟ್ಟಂತೆ. ಕೊಡದಿದ್ದರೆ ನಲವತ್ತು ತಿಂಗಳು ಯಾವುದೋ ಕಾರಣವಿಲ್ಲದ ಸಾಲ ಕಟ್ಟಿದಂತೆ. ಸಂಘಕ್ಕೇ ವಾಪಸು ಕಟ್ಟಿಬಿಡಬಹುದು. ಆಗ ಏನೂ ಆಗಿಯೇ ಇಲ್ಲ. ಈ ಮೂರನೆಯದೇ ಸರಿ ಎಂದು ತೀರ್ಮಾನಿಸಿ ಮಲಗಿದೆ. ಎದ್ದು ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ತೀರ್ಮಾನಿಸಿಲ್ಲ ಎಂದು ಕಾಣುತ್ತದೆ.

೪ ಮಾರ್ಚ್, ಶುಕ್ರವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆಯಾಗುವುದಿಲ್ಲ.

ಶಾಲೆ ಬಿಟ್ಟ ಮೇಲೆ ನಾನೂರು ರೂಪಾಯಿಯ ಗಂಟಿಗೆ ಮನೆಯ ಎಂಟು ರೂಪಾಯಿ ಸೇರಿಸಿ ಅಂಗಡಿಗೆ ಹೋದೆ. ಮುಂಬಾಗಿಲಿನಿಂದ, ಪೇಟೆಯ ನಡುವಿನಿಂದ. ಕಪಾಟುಗಳು ಅರ್ಧ ಖಾಲಿಯಿದ್ದವು. ಸಿದ್ದಬಸಪ್ಪನವರು ಒಬ್ಬರೇ ಕುಳಿತಿದ್ದರು. ಗಂಟನ್ನು ಅವರ ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ.

"ಏನ್ರಿ ಇದು?"

"ನಿಮ್ಮದು. ನಾನೂರ ಎಂಟು."

"ಇವತ್ತ ತಾರೀಖು ಎಷ್ಟು?"

"ನಾಲ್ಕು."

"ಹದಿನೈದು ಮುಗದು ಎಷ್ಟು ದಿನಾತು?"

"ಹದಿನೇಳು."

"ನನಗ ಎಣಸಾಕ ಬರಂಗಿಲ್ಲ ಅಂದ್ಕೊಂಡಿದ್ರೇನು? ಅವತ್ತ ಸಭಾ ಇಪ್ಪತ್ತಕ್ಕೈತಿ ಅನ್ನೋದು ನನಗ ಗೊತ್ತಿತ್ರಿ. ಓಬಯ್ಯ ಬಟ್ಟಿ ಒಯ್ಯೋದು ನನ್ನ ಅಂಗಡಿಯಾಗ."

ಹಾಗಾದರೆ ಅಂದು ಯಾಕೆ ಸುಮ್ಮನೆ ಹೋದಿರಿ ಎಂದೆ.

"ಹುಡುಗರಿಗೆ ಪಾಠ ಹೇಳೋರನ್ನ ನಿಲ್ಲಿಸಿ ನೀವು ಸುಳ್ಳಂತೀರಿ ಅನ್ಲಾ? ಬಾಯಿ ಬರಲಿಲ್ಲ." ಗಂಟಿನ ಕಡೆ ಕೈ ತೋರಿಸಿ, "ಈಗ ಯಾಕ ತಂದ್ರಿ?" ಎಂದರು.

"ಗೊತ್ತಿಲ್ಲ."

ಅವರು ಎದ್ದು ಒಂದು ಬಾಗಿಲು ಮುಚ್ಚಿದರು. ಆಮೇಲೆ ಹೇಳಿದರು. ಬಳ್ಳಾರಿಯ ಸಗಟು ಅಂಗಡಿಯವರಿಗೆ ಇವರು ಎರಡು ಸಾವಿರದ ಮೇಲೆ ಕೊಡಬೇಕು. ಡಿಕ್ರಿ ಆಗಿದೆ. ಜಪ್ತಿ ಇಂದೋ ನಾಳೆಯೋ. ಕಾಯಿದೆಯ ಸುದ್ದಿ ಹಬ್ಬಿದಂದಿನಿಂದ ಇವರಿಗೆ ಕೊಡಬೇಕಾದವರು ಯಾರೂ ಬೀದಿಯಲ್ಲಿ ಸಿಗುತ್ತಿಲ್ಲ. ಇವರಿಗೆ ಹೊಲವಿಲ್ಲ, ಆದ್ದರಿಂದ ಇವರ ಸಾಲಕ್ಕೆ ಯಾವ ಮಾಫಿಯೂ ಇಲ್ಲ.

"ಇದನ್ನ ನಾನು ತಗೊಂಡ್ರ ಬಳ್ಳಾರಿಯವರು ನಾಳೆ ಒಯ್ತಾರ. ಎರಡು ಸಾವಿರಕ್ಕ ನಾನೂರು ಯಾವ ಮೂಲಿಗೂ ಸಾಲಂಗಿಲ್ಲ. ನಿಮ್ಮ ಹತ್ರ ಇದ್ರ ಶಂಕ್ರಮ್ಮ ಎರಡು ಹೊತ್ತು ಉಂಡಾಳು." ಶಂಕ್ರಮ್ಮ ಅವರ ಹೆಂಡತಿ. "ತಿಂಗಳಿಗೆ ಹತ್ತು ಕೊಡ್ರಿ, ಸಾಕು. ಯಾರಿಗೂ ಗೊತ್ತಾಗಬಾರದು."

ಒಪ್ಪಿದೆನೋ ಇಲ್ಲವೋ ನೆನಪಿಲ್ಲ. ಅವರು ಪೆಟ್ಟಿಗೆಯಿಂದ ನೋಟು ತೆಗೆದು, ಬೆನ್ನು ಮೇಲೆ ಮಾಡಿ ನನ್ನ ಮುಂದೆ ಹರಡಿ, ದೌತಿಯನ್ನು ಸರಿಸಿದರು. ಗಂಟಿನಿಂದ ಒಂದೇ ಒಂದು ರೂಪಾಯಿ ತೆಗೆದುಕೊಂಡರು.

"ಚೆಲ್ಲು ಬರೀರಿ. ಹದಿನಾಲ್ಕು ಫೆಬ್ರವರಿ."

"ತಾರೀಖು ತಪ್ಪಾಗುತ್ತದೆ."

"ಹದಿನಾಲ್ಕಕ್ಕ ನಾನು ನಿಮ್ಮ ಮನೀಗೆ ಬಂದಿದ್ನೋ ಇಲ್ಲೋ? ಅವತ್ತ ಬರೀಬೇಕಾದದ್ದೋ ಅಲ್ಲೋ? ಅವತ್ತಿಂದು ಇವತ್ತ ಬರೀತೀರಿ, ಅಷ್ಟ."

ಇಪ್ಪತ್ತೆರಡು ವರ್ಷದಿಂದ ಹುಡುಗರ ಪಾಟಿಯಲ್ಲಿ ತಪ್ಪು ತಾರೀಖು ಕಂಡರೆ ಅಳಿಸಿಸುತ್ತಿದ್ದೇನೆ. ಬರೆದೆ. ಅಕ್ಷರ ದುಂಡಗೆ ಬಂತು. ಅವರು ಮರಳು ಹಾಕಿ ಆರಿಸಿ, ಮಡಿಸಿ, ನೋಟನ್ನು ನನ್ನ ಕಡೆಗೇ ಚಾಚಿದರು.

"ಇದನ್ನೂ ನೀವ ಇಟ್ಕೊಳ್ರಿ."

"ನೋಟು ಸಾಲಗಾರನ ಕೈಯಲ್ಲಿದ್ದರೆ ಸಾಲ ತೀರಿದ ಹಾಗೆ, ಸಿದ್ದಬಸಪ್ಪನವರೇ."

"ಹೌದ್ರಿ. ಅದಕ್ಕ ಅಲ್ಲಿ ಯಾರೂ ಹುಡುಕಂಗಿಲ್ಲ."

ತೀರಿಸಲು ಹೋದವನು ಸಾಲವನ್ನೂ ದುಡ್ಡನ್ನೂ ನೋಟನ್ನೂ ಹೊತ್ತುಕೊಂಡು ಮನೆಗೆ ಬಂದೆ. ಸಂಘಕ್ಕೆ ನಾನೂರು ಕೊಡಬೇಕು. ಇವರಿಗೆ ನಾನೂರ ಏಳು ಕೊಡಬೇಕು. ಕೈಯಲ್ಲಿ ನಾನೂರ ಏಳು ಇದೆ, ಅದು ನನ್ನದಲ್ಲ. ಆದಿಲಕ್ಷ್ಮಿಗೆ ಎಲ್ಲ ಹೇಳಿದೆ. ಅವಳು ಎರಡು ಸಲ ಕೇಳಿಸಿಕೊಂಡು, "ಅಂದ್ರೆ ನಾವು ಕೊಡೋರೋ, ಇಸ್ಕಂಬೋರೋ?" ಎಂದಳು.

ನೋಟನ್ನು ಈ ಡೈರಿಯ ಹಾಳೆಗಳ ನಡುವೆ ಇಟ್ಟಿದ್ದೇನೆ.

೨೪ ಮಾರ್ಚ್, ಗುರುವಾರ

ಕಾಯಿದೆ ಜಾರಿಗೆ ಬಂತೆಂದು ಪತ್ರಿಕೆಯಲ್ಲಿದೆ. ಓಬಯ್ಯ ಶಾಲೆಗೆ ತಂದು ಎಲ್ಲರಿಗೂ ಓದಿ ಹೇಳಿದ. ನನ್ನ ಕಡೆ ತಿರುಗಿ, "ನಮ್ಮ ಮಾಸ್ತರಿಗೆ ಕಾಯ್ದೀನೂ ಬೇಕಾಗಲಿಲ್ಲ. ಸಾಲಾನ ಸಾಯಿಸಿ ಕುಂತಾರ" ಎಂದ. ಎಲ್ಲರೂ ನಕ್ಕರು. ನನಗೇನಾಯಿತೋ, "ಸಾಯಿಸಿಲ್ಲ. ಪೂರ್ತಿ ಕೊಟ್ಟಿದ್ದೇನೆ" ಎಂದುಬಿಟ್ಟೆ.

ಆಡಿದ ಕೂಡಲೇ ತಪ್ಪು ತಿಳಿಯಿತು. ಓಬಯ್ಯನಿಗೆ ಹೇಳಿದ್ದು ಪೇಟೆಗೆ ಹೇಳಿದಂತೆ. ಅವನು ನನ್ನನ್ನು ಮತ್ತೆ ಹುಚ್ಚನೆಂದು ಕರೆದ. ಅದರಲ್ಲಿ ನನಗೆ ಒಂದು ಗಳಿಗೆ ಸಂತೋಷವಾದದ್ದೂ ನಿಜ.

೫ ಏಪ್ರಿಲ್, ಮಂಗಳವಾರ

ಕೋರ್ಟಿನ ಅಮೀನ ಬಂದಿದ್ದಾನೆ, ಸಿದ್ದಬಸಪ್ಪನವರ ಅಂಗಡಿ ಜಪ್ತಿಯಾಗುತ್ತಿದೆ ಎಂದು ಹತ್ತು ಗಂಟೆಗೆ ತಿಳಿಯಿತು. ಪಂಚನಾಮೆಯನ್ನು ಅಂದವಾಗಿ ಬರೆಯಲು ಮಾಸ್ತರರೊಬ್ಬರು ಬೇಕೆಂದು ಜವಾನ ಬಂದ. ಬೇರೆಯವರನ್ನು ಕಳಿಸಬಹುದಿತ್ತು. ನಾನೇ ಹೋದೆ.

ಅಮೀನ ತೆಲುಗಿನವನು, ಮಿತಭಾಷಿ. ಅವನು ಹೇಳುತ್ತ ಹೋದ, ನಾನು ತೆಲುಗಿನಲ್ಲಿ ಬರೆಯುತ್ತ ಹೋದೆ. ಸೀರೆ ಇಷ್ಟು, ಪಂಚೆ ಇಷ್ಟು, ಗಜಕೋಲು ಒಂದು, ಗಲ್ಲಾಪೆಟ್ಟಿಗೆ ಒಂದು, ಅದರಲ್ಲಿ ನಗದು ಮೂರು ರೂಪಾಯಿ ಆರಾಣೆ. ಬೀದಿಯಲ್ಲಿ ಜನ ಸೇರಿದ್ದರು. ಸಿದ್ದಬಸಪ್ಪನವರು ಕಂಬಕ್ಕೆ ಒರಗಿ ನಿಂತಿದ್ದರು. ಆಗ ಬಳ್ಳಾರಿಯ ಅಂಗಡಿಯ ಗುಮಾಸ್ತ ಮುಂದೆ ಬಂದು ನನ್ನನ್ನು ತೋರಿಸಿದ.

"ಈ ಮಾಸ್ತರು ಹೋದ ತಿಂಗಳು ನಾನೂರು ರೂಪಾಯಿ ತಂದುಕೊಟ್ಟರಂತ ಊರೆಲ್ಲ ಹೇಳತೈತಿ. ಆ ರೊಕ್ಕ ಎಲ್ಲಿ?"

ಅಮೀನ ನನ್ನನ್ನು ನೋಡಿದ. ಓಬಯ್ಯ ಗುಂಪಿನಲ್ಲಿದ್ದ. ಪೆನ್ನು ಕಾಗದದ ಮೇಲೆ ನಿಂತಿತ್ತು, ಮಸಿ ಒಂದು ಕಡೆ ಹರಡಿತು.

"ನಾನು ಕೊಡಲಿಲ್ಲ" ಎಂದೆ. "ಕೊಟ್ಟೆ ಎಂದು ಸುಳ್ಳು ಹೇಳಿಕೊಂಡಿದ್ದೆ. ನೋಟಿನ ಅವಧಿ ಫೆಬ್ರವರಿ ಹದಿನೈದಕ್ಕೆ ಮುಗಿಯಿತು. ಮುಗಿಯಲಿ ಎಂದೇ ಚೆಲ್ಲು ಬರೆಯದೆ ತಪ್ಪಿಸಿಕೊಂಡೆ."

"ದುಡ್ಡು?"

"ಸಂಘದ ದುಡ್ಡು ನನ್ನ ಮನೆಯಲ್ಲಿದೆ. ನನ್ನ ಖರ್ಚಿಗೆ."

ಯಾರೋ ತುಪುಕ್ಕನೆ ಉಗುಳಿದರು. ಅಮೀನ ಸಿದ್ದಬಸಪ್ಪನವರ ಕಡೆ ತಿರುಗಿ ಆ ನೋಟು ಎಲ್ಲಿ ಎಂದ.

"ಸತ್ತ ಕಾಗದ ಇಟ್ಕೊಂಡು ಏನ್ ಮಾಡ್ಲಿ? ಒಲಿಗೆ ಹಾಕಿದೆ" ಎಂದರು ಅವರು. ಆಮೇಲೆ ನನ್ನ ಹತ್ತಿರ ಬಂದರು. "ಮಾಸ್ತರ ಅಂತ ನಂಬಿದ್ನಲ್ಲೋ! ಹತ್ತು ಮಂದಿ ಗೌಡರು ಕೈ ಎತ್ತಿದ್ರು, ಇವನೊಬ್ಬ ಅಕ್ಷರ ಕಲಿತಾಂವ, ಇವ ಕೊಡ್ತಾನ ಅಂದ್ಕೊಂಡಿದ್ನಿ. ಕೋತೀ ಕತಿ ಹೇಳ್ಕೋತ ಕುಂತಿದ್ದೆಲ್ಲೋ ನನ್ನ ಮುಂದ! ನಾಚಿಕಿ ಬರಂಗಿಲ್ಲೇನು ನಿನಗ?" ಏಕವಚನ. ಇಷ್ಟು ವರ್ಷದಲ್ಲಿ ಮೊದಲ ಸಲ.

ತಲೆ ತಗ್ಗಿಸಿಕೊಂಡು ಬರೆದೆ. ಅವಧಿ ಇರುವ ಪ್ರೊನೋಟುಗಳು: ಇಲ್ಲ. ವಸೂಲಾಗುವ ಬಾಕಿ: ಇಲ್ಲ. ಕೆಳಗೆ ಸಹಿ ಹಾಕಿದೆ.

ಅವರು ಬೈದದ್ದು ಜನರ ಕಿವಿಗಾಗಿ ಆಡಿದ ಮಾತೇ? ಅಲ್ಲವೇ? ಫೆಬ್ರವರಿ ಹದಿನಾಲ್ಕರಂದು ಆಡದೆ ನುಂಗಿದ್ದು ಈಗ ಹೊರಗೆ ಬಂದಿತೇ? ನಾನು ಹೇಳಿದ್ದರಲ್ಲಿ ಸುಳ್ಳು ಎಷ್ಟಿತ್ತು ಎಂದು ಕೂಡಿ ಕಳೆದು ನೋಡುತ್ತಿದ್ದೇನೆ. ಬಹಳ ಉಳಿಯುವುದಿಲ್ಲ.

೬ ಏಪ್ರಿಲ್, ಬುಧವಾರ

ಓಬಯ್ಯ ಮಾತಾಡಲಿಲ್ಲ. ತಾನೇ ಕಲಿಸಿದ್ದನ್ನು ನಾನು ಬೀದಿಯಲ್ಲಿ ಒಪ್ಪಿಕೊಂಡದ್ದು ಅವನಿಗೆ ಸಹಿಸಲಾಗಲಿಲ್ಲವೋ ಏನೋ. ಹಿಂದಿನ ಸಾಲಿನ ಹುಡುಗರು ಏನೋ ಪಿಸುಗುಟ್ಟಿದರು. ಕೇಳಿಸಲಿಲ್ಲ ಎಂಬಂತೆ ಇದ್ದೆ.

೧ ಮೇ, ಭಾನುವಾರ

ನಿನ್ನೆ ಸಂಬಳ. ಸಂಘದವರು ಹತ್ತು ರೂಪಾಯಿಯನ್ನೂ ಬಡ್ಡಿಯನ್ನೂ ಹಿಡಿದುಕೊಂಡರು. ಬೆಳಿಗ್ಗೆ ಆದಿಲಕ್ಷ್ಮಿ ಟ್ರಂಕಿನಿಂದ ಹತ್ತು ರೂಪಾಯಿ ತೆಗೆದು, ಸೆರಗಿನಲ್ಲಿ ಕಟ್ಟಿಕೊಂಡು, ಹುಣಸೆಹಣ್ಣು ಕೇಳುವ ನೆಪದಲ್ಲಿ ಶಂಕ್ರಮ್ಮನವರ ಮನೆಗೆ ಹೋದಳು. ನಾನು ಹೋಗುವಂತಿಲ್ಲ. ನಾನು ಅವರಿಗೆ ಮೋಸ ಮಾಡಿದವನು, ಪೇಟೆಯಲ್ಲಿ ಕಂಡರೆ ಸಿದ್ದಬಸಪ್ಪನವರು ಮುಖ ತಿರುಗಿಸಬೇಕು. ತಿರುಗಿಸುತ್ತಾರೆ. ಮೊನ್ನೆ ಬಾವಿಯ ಹತ್ತಿರ ತಿರುಗಿಸಿದರು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ಬರುವವರೆಗೆ ಒಳಗೂ ಹೊರಗೂ ಓಡಾಡಿದೆ. ಬಂದವಳು ನಿಜವಾಗಿಯೂ ಹುಣಸೆಹಣ್ಣು ತಂದಿದ್ದಳು.

"ಅವರಿದ್ದರೇ?"

"ಒಳಗಿದ್ರು. ಈಚೆಗೆ ಬರ್ಲಿಲ್ಲ."

"ಏನಾದರೂ ಹೇಳಿದರೇ?"

"ಮುಂದಿನ ತಿಂಗ್ಳೂ ಬರ್ತೀಯೇನವ್ವಾ ಅಂದ್ರು ಆಯಮ್ಮ. ಬರ್ತೀನಿ ಅಂದೆ."

"ಅಂದು ಅವರು ಬೈದದ್ದು..." ಎಂದು ಶುರುಮಾಡಿ ನಿಲ್ಲಿಸಿದೆ. ಅವಳು ಹುಣಸೆಹಣ್ಣನ್ನು ಒರಳಿನ ಪಕ್ಕ ಇಟ್ಟು ಕೈ ತೊಳೆದುಕೊಂಡಳು.

"ಆಯಮ್ಮ ದುಡ್ಡು ಎಣಿಸ್ಕಂಡ್ರು" ಎಂದಳು. "ಎರಡು ಸಲ."

ಬೇಸಿಗೆ ರಜೆಗೆ ಊರಿಗೆ ಬರುವುದಿಲ್ಲ ಎಂದು ತಮ್ಮನಿಗೆ ಕಾಗದ ಬರೆದೆ. ಕಾರಣ ಬರೆಯಲಿಲ್ಲ. ಎರಡು ಸಲ ಎಣಿಸಿಕೊಂಡದ್ದು ಸರಿಯಾಗಿಯೇ ಇದೆ. ನಾನಾಗಿದ್ದರೂ ಎಣಿಸುತ್ತಿದ್ದೆ.